ಹೆಜ್ಜೆಗುರುತಿನ ಅಂಚು

ಹರಿದ ಬಲೆ ಹೊಲಿದು ಬದುಕುತ್ತಿದ್ದ ಮೇಷ್ಟ್ರು ಕೋಡಿ ಊರಿನ ಕಡಲತೀರದ ಒದ್ದೆ ಮರಳಿನಲ್ಲಿ ನಮಗೆ ಕರಾಟೆ ಕಲಿಸುತ್ತಿದ್ದರು. ಗುದ್ದುವಾಗ ಮುಂದಿಡುವ ಕಾಲು ಪ್ರತಿಸಲವೂ ಮೊದಲು ಮೂಡಿದ ಹೆಜ್ಜೆಗುರುತಿಗೇ ಬೀಳಬೇಕಿತ್ತು. ಬಿದ್ದರೂ ತಪ್ಪಿದರೂ, ಮತ್ತೊಮ್ಮೆ ಮಾಡು ನೋಡೋಣ ಎಂಬ ಒಂದೇ ಮಾತು ಅವರದು: “ಇನ್ನೊಂದ್ ಸಲ ಮಾಡ್, ಕಾಂಬ.”

ಬೈಂದೂರಿನ ಪಂದ್ಯದಲ್ಲಿ ನಾನು ಹೆದರಿ ಕಣ್ಣು ಮುಚ್ಚಿಕೊಂಡು ಸೋತೆ. ಮೇಷ್ಟ್ರು ಕೊಟ್ಟಿದ್ದ ಕರಾಟೆ ಡ್ರೆಸ್ಸನ್ನು ಮರುದಿನ ಮಡಚಿ, ಹಿಂದಿರುಗಿಸಲು ಒಯ್ದೆ.

“ನಾ ಇನ್ ಬತ್ತಿಲ್ಲೆ, ಸರ್.”

“ಆಯ್ತ್ ಮಾರಾಯ್ತಿ. ಹೋಪುಕ್ ಮುಂಚೆ ಇನ್ನೊಂದ್ ಸಲ ಮಾಡ್, ಕಾಂಬ. ಕಣ್ ಮುಚ್ಚುದ್ ನಿಂಗ್ ಅಭ್ಯಾಸ ಅಲ್ದಾ, ಮುಚ್ಕಂಡೇ ಮಾಡ್.”

ಕಣ್ಣು ಮುಚ್ಚಿ ಕಾಲು ಮುಂದಿಟ್ಟು ಗುದ್ದಿದೆ. ಕಣ್ಣು ಬಿಟ್ಟಾಗ ಕಾಲು ಗುರುತಿನೊಳಗೇ ಇತ್ತು. ಮೇಷ್ಟ್ರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಬೆರಳಿಗೆ ಹಸಿ ಮರಳು ಅಂಟಿತ್ತು. ಗುರುತಿನ ಅಂಚನ್ನು ಅವರೇ ನನ್ನ ಕಾಲಿಗೆ ಸರಿಮಾಡಿದ್ದರೇ? ಆ ಮರಳನ್ನು ಈಗ ನನ್ನ ನೆನಪೇ ಅಂಟಿಸುತ್ತಿರಲೂಬಹುದು. ಡ್ರೆಸ್ಸನ್ನು ವಾಪಸು ಮನೆಗೆ ತಂದದ್ದು ಮಾತ್ರ ನಿಜ.