ಮಾವ ಬಿಟ್ಟ ಅಕ್ಷರ

ನನ್ನ ಸೋದರಮಾವ ಕೆ.ಜಿ.ಎಫ್‌ನ ಒಂದು ಗಣಿ ಆಫೀಸಿನಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದು, ನಮ್ಮ ಹಳ್ಳಿಗೆ ನಡೆದು ಬರುತ್ತಿದ್ದ. ಇಂಗ್ಲಿಷ್ ದೊರೆಗಳ ಕೈಕೆಳಗೆ ಕೆಲಸ ಮಾಡುವವನೆಂದು ನಮ್ಮ ಮನೆಯಲ್ಲಿ ಅವನ ಮಾತೆಂದರೆ ವೇದವಾಕ್ಯ. ಅಮ್ಮನ ಮುದ್ದೆ, ಬಸ್ಸಾರು ಮುಗಿದ ಕೂಡಲೇ ನನ್ನ ಕಾಪಿ ಪುಸ್ತಕ ತರಿಸಿ ನೋಡುತ್ತಿದ್ದ. ನಾನೂ ಎದೆಯುಬ್ಬಿಸಿ ತಂದುಕೊಡುತ್ತಿದ್ದೆ.

ನಾನು ಓದುತ್ತಿದ್ದದ್ದು ಬಂಗಾರಪೇಟೆಯ ಮಿಷನ್ ಸ್ಕೂಲಿನಲ್ಲಿ. ಅಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಅಮೆರಿಕದಿಂದ ಬಂದಿದ್ದ ಒಬ್ಬ ಮಿಸ್ಸಮ್ಮ. ಒಂದು ಭಾನುವಾರ ಮಾವ ಪೆನ್ನು ತೆಗೆದು ನಾನು ಬರೆದಿದ್ದ ‘ಕಲರ್’ ಎಂಬ ಪದದ ಮೇಲೆ ಗೀಟು ಎಳೆದ. ‘ಯು’ ಅಕ್ಷರ ಎಲ್ಲಿ ಎಂದು ಕೇಳಿದ. ಕೆಳಗಿದ್ದ ‘ಲೇಬರ್’ ಮೇಲೂ ಗೀಟು, ಅದರಲ್ಲೂ ‘ಯು’ ಇರಲಿಲ್ಲ. ಮಿಸ್ಸಮ್ಮ ಬೋರ್ಡಿನ ಮೇಲೆ ಹೀಗೇ ಬರೆದದ್ದು ಎಂದೆ. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪು ಇಂಗ್ಲಿಷ್ ಕಲಿಯುವುದಕ್ಕಿಂತ ದನ ಮೇಯಿಸುವುದು ವಾಸಿ, ಸ್ಕೂಲು ಬಿಡಿಸಿಬಿಡು ಎಂದು ಅಪ್ಪನಿಗೆ ಹೇಳಿದ. ದೊಡ್ಡವಳಾದ ಹುಡುಗಿ ಅಷ್ಟು ದೂರ ನಡೆದು ಹೋಗುವುದು ಅಪ್ಪನಿಗೂ ಮೊದಲಿಂದ ಇಷ್ಟವಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ನಾನು ಸುಮ್ಮನಿರುವ ಪೈಕಿ ಅಲ್ಲ. ನನ್ನದೇ ಸರಿ ಎಂದು ಹಟ ಹಿಡಿದೆ. ಅಚ್ಚಾಗಿ ಬಂದದ್ದು ತೋರಿಸು, ಒಪ್ಪುತ್ತೇನೆ ಎಂದ ಮಾವ. ರಾತ್ರಿಯೆಲ್ಲ ತಲೆ ಕಾದಿತ್ತು. ನಮ್ಮ ಕನ್ನಡವೇನೋ ಅರ್ಧ ದಾರಿಗೆ ತೆಲುಗಾಗಿ, ಗಣಿ ಮುಟ್ಟುವಷ್ಟರಲ್ಲಿ ತಮಿಳಾಗುತ್ತದೆ. ಬಂಗಾರಪೇಟೆಗೊಂದು, ಗಣಿಗೊಂದು ಆಗಲು ಇಂಗ್ಲಿಷಿಗೆ ಏನು ಬಂದಿತ್ತು ರೋಗ?

ಮಾರನೆಯ ದಿನ ಮಿಸ್ಸಮ್ಮನಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ಇಂಗ್ಲೆಂಡಿನವರು ಆ ಅಕ್ಷರ ಹಾಕುತ್ತಾರೆ, ತಮ್ಮ ದೇಶದವರು ಬಿಟ್ಟಿದ್ದಾರೆ, ಎರಡೂ ಸರಿ ಎಂದು ತಮ್ಮ ಮುರುಕು ಕನ್ನಡದಲ್ಲಿ ತಿಳಿಸಿದರು. ಆಮೇಲೆ ಬೀರು ತೆಗೆದು, ಅವರ ಊರಿನಿಂದ ಪಾರ್ಸಲ್ಲಿನಲ್ಲಿ ಬಂದಿದ್ದ ಬಣ್ಣದ ಮೇಣದ ಕಡ್ಡಿಗಳ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಕಲರ್ಸ್’ ಎಂದು ಅಚ್ಚಾಗಿತ್ತು. ‘ಯು’ ಇರಲಿಲ್ಲ! ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಭಾನುವಾರದವರೆಗೆ ತಡೆದುಕೊಂಡಿದ್ದೇ ಹೆಚ್ಚು. ಮಾವ ಮನೆಗೆ ಬರಲಿ ಎಂದು ಕಾಯುವ ತಾಳ್ಮೆ ನನಗಿರಲಿಲ್ಲ. ಅಪ್ಪನನ್ನು ಎಳೆದುಕೊಂಡು ಸ್ಟೇಷನ್ನಿಗೇ ಹೋದೆ. ರೈಲು ನಿಲ್ಲುವ ಮೊದಲೇ ಡಬ್ಬಿಯನ್ನು ತಲೆಯ ಮೇಲೆತ್ತಿ ಓಡಿದೆ.

ಮಾವ ಓದಿದ. ಯಾರಾದರೂ ಅಕ್ಷರ ಕೆರೆದಿದ್ದಾರೋ ಎಂದು ಉಗುರಿನಿಂದ ಉಜ್ಜಿಯೂ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

“ಲೇಬರೂ ಇಂಗೇನಾ?”

“ಊಂ ಮಾವ. ಆ ದೇಶದಾಗೆ ಎಲ್ರೂ ಇಂಗೇ ಬರಿಯಾದು.”

ಅವನು ಪ್ಲಾಟ್‌ಫಾರಂನ ಸಿಮೆಂಟ್ ಬೆಂಚಿನ ಮೇಲೆ ಕೂತುಬಿಟ್ಟ.

“ಕೆಲ್ಸಕ್ಕೆ ಸೇರಿದ ಒಸದ್ರಾಗೆ ಲೇಬರ್‌ನಾಗೆ ಇದೇ ಅಕ್ಷರ ಬಿಟ್ಟಿದ್ದೆ ಕಣಮ್ಮಿ. ದೊರೆ ಕಾಗ್ದ ಅರಿದು ಎಲ್ರ ಮುಂದೆ ಮಕಕ್ಕೆ ಎಸ್ದ. ನಿನ್ನ ಪುಸ್ತಕ ನೋಡ್ದಾಗ ಅದೇ ಗ್ಯಾಪ್ಕ ಬಂತು.”

ಗೆದ್ದೆನೆಂದು ಕುಣಿಯಲು ಬಂದಿದ್ದ ನಾನು ಮೆಲ್ಲಗೆ ಅವನ ಪಕ್ಕ ಕೂತೆ. ಆದರೆ ಮಾವನ ಮುಖ ನೋಡನೋಡುತ್ತಲೇ ಅರಳತೊಡಗಿತು. ಒಂದು ದೇಶಕ್ಕೆ ದೇಶವೇ ಬಿಟ್ಟಿದೆಯಲ್ಲ ಎಂದು ತೊಡೆ ತಟ್ಟಿಕೊಂಡು ಜೋರಾಗಿ ನಗಲು ಶುರುಮಾಡಿದ. ನನಗೂ ನಗು ತಡೆಯಲಾಗಲಿಲ್ಲ.

“ಬಾವ, ಇವ್ಳು ಓದ್ಲಿ. ಬಿಡಿಸ್ಬ್ಯಾಡ,” ಎಂದ.

ಬಿಡಿಸು ಎಂದವನೂ ನೀನೇ, ಬೇಡ ಎನ್ನುವವನೂ ನೀನೇ ಎಂದು ಗೊಣಗಿದರೂ, ಹಾಗೇ ಆಗಲಿ ಎಂದು ಅಪ್ಪ ಅವನ ಚೀಲ ಎತ್ತಿಕೊಂಡು ಮುಂದೆ ನಡೆದ. ಅಪ್ಪ ಅಷ್ಟು ಬೇಗ ಒಪ್ಪುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮಾವ ಮಾತ್ರ ಏಳಲಿಲ್ಲ. ಡಬ್ಬಿಯಿಂದ ಕೆಂಪು ಕಡ್ಡಿ ತೆಗೆದು, ಬೆಂಚಿನ ಮೇಲೆ ದುಂಡಗೆ ‘ಲೇಬರ್’ ಎಂದು ಇಂಗ್ಲಿಷಿನಲ್ಲಿ ಬರೆದ, ಆ ಅಕ್ಷರ ಬಿಟ್ಟು. ಬರೆದು ಪ್ಲಾಟ್‌ಫಾರಂನ ಆ ತುದಿ ಈ ತುದಿ ನೋಡಿದ. ಯಾರೂ ಬೈಯಲಿಲ್ಲ.