ಹನ್ನೊಂದನೇ ಪುಟ

ಲೆಕ್ಕದ ಟೀಚರ್ ಅಂದರೆ ಶಾಲೆಯ ಮಕ್ಕಳಿಗೆ ಸಿಂಹಸ್ವಪ್ನ. ಉತ್ತರ ಸರಿಯಿದ್ದರೂ ನಡುವೆ ಒಂದು ಹೆಜ್ಜೆ ಹಾರಿಸಿದರೆ ಮುಗೀತು, ಇಡೀ ಲೆಕ್ಕಕ್ಕೆ ಕೆಂಪು ಗೀಟು. ಸ್ಟಾಫ್ ರೂಮಿನಲ್ಲಿ ಮಾತ್ರ ಎಲ್ಲರಿಗೂ ಅಯ್ಯೋ ಪಾಪ. ಗಣಿತದಲ್ಲಿ ಪಿಎಚ್‌ಡಿ ಮಾಡು ಬಾ ಅಂತ ದೊಡ್ಡ ವಿಶ್ವವಿದ್ಯಾಲಯವೇ ಕರೆದಿತ್ತಂತೆ, ಅಮ್ಮನ ಮಂಡಿನೋವಿಗೋಸ್ಕರ ಬಿಟ್ಟಳಂತೆ, ಮಗಳು ಅಂದ್ರೆ ಹಾಗಿರಬೇಕು! ಇಪ್ಪತ್ತಾರು ವರ್ಷ ಇದನ್ನು ಕೇಳಿಸಿಕೊಂಡವಳು 'ಅಲ್ಲ' ಅಂತ ಒಂದು ದಿನವೂ ಬಾಯಿ ಬಿಡಲಿಲ್ಲ.

ಮಂಡಿನೋವು ನಿಜ. ಅದಕ್ಕೋಸ್ಕರ ಬಿಟ್ಟಿದ್ದು ಶುದ್ಧ ಸುಳ್ಳು. ಒಪ್ಪಿಗೆ ತಿಳಿಸಲು ಇನ್ನು ನಾಲ್ಕೇ ದಿನ ಅನ್ನುವಾಗ, ಸೀಟು ತಂದುಕೊಟ್ಟ ತನ್ನ ಪ್ರಬಂಧವನ್ನು ಖುಷಿಗೆ ಇನ್ನೊಮ್ಮೆ ಓದುತ್ತಿದ್ದಳು. ಹನ್ನೊಂದನೇ ಪುಟದಲ್ಲಿ ಕಣ್ಣು ನಿಂತಿತು. ಒಂದು ಹೆಜ್ಜೆಯಿಂದ ಮುಂದಿನದಕ್ಕೆ ದಾರಿಯೇ ಇಲ್ಲ, 'ಇದು ಸ್ಪಷ್ಟ' ಅಂತ ಬರೆದು ದಾಟಿಬಿಟ್ಟಿದ್ದಾಳೆ! ಎಷ್ಟು ಒದ್ದಾಡಿದರೂ ಕೂಡಿಬರಲಿಲ್ಲ. ಅಲ್ಲಿನ ಪ್ರೊಫೆಸರನ್ನು ಒಂದು ಮಾತು ಕೇಳಬಹುದಿತ್ತು. ಮಾನ ಹೋಗುತ್ತದೆ ಅಂತ ಹೆದರಿ, 'ತಾಯಿಗೆ ಹುಷಾರಿಲ್ಲ' ಅಂತ ಬರೆದು ಕೈತೊಳೆದುಕೊಂಡಳು. ತಿಂಗಳ ಮೇಲೆ ಪ್ರಬಂಧ ವಾಪಸು ಬಂತು. ಬೈದಿರುತ್ತಾರೆ ಅಂತ ಲಕೋಟೆ ಒಡೆಯದೆ ಬೀರುವಿನ ತಳಕ್ಕೆ ತುರುಕಿದಳು.

ಈ ಸುಳ್ಳನ್ನು ಹೊತ್ತದ್ದು ಮಾತ್ರ ಅಮ್ಮ. "ನನ್ನ ಹಾಳು ಮಂಡಿ ನಿನ್ನ ಬಾಳು ತಿಂತು" ಅಂತ ಒಂದೇ ಒಂದು ಸಲ ಅಂದಿದ್ದಳು. ಆಮೇಲೆ ಗೋಡೆ ಹಿಡಿದು ಎದ್ದಳೇ ಹೊರತು ಮಗಳ ಕೈಯಲ್ಲಿ ಒಂದು ಲೋಟ ನೀರೂ ತರಿಸಿಕೊಂಡವಳಲ್ಲ.

ಈಗ ತಂಗಿಯ ಮಗಳ ಸರದಿ. ಅವಳಿಗೂ ಗಣಿತದಲ್ಲೇ ಕರೆ ಬಂದಿತ್ತು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಉಗುರು ಕಚ್ಚುತ್ತಿದ್ದಳು. ಮೊಮ್ಮಗಳ ಪಕ್ಕದಲ್ಲಿ ಅಮ್ಮ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು.

"ಇವತ್ತೇ ಕೊನೇ ದಿನ, ದೊಡ್ಡಮ್ಮ. ಬೇಡ ಅಂತ ಬರೆದುಬಿಡ್ತೀನಿ."

"ಯಾಕೆ?"

"ನಂಗೆ ಅಷ್ಟೆಲ್ಲ ತಲೆ ಇಲ್ಲ. ಅವರಿಗೆ ಅದಿನ್ನೂ ಗೊತ್ತಾಗಿಲ್ಲ ಅಷ್ಟೆ. ಮನೇಲಿ ಏನಾದ್ರೂ ನೆಪ ಹೇಳಿದ್ರಾಯ್ತು."

ಟೀಚರ್ ಎದ್ದು ಹೋಗಿ ಲಕೋಟೆ ತಂದು ಹುಡುಗಿಯ ಮುಂದೆ ಹಾಕಿ, ಹನ್ನೊಂದನೇ ಪುಟದ ಕಥೆ ಶುರುಮಾಡಿದಳು. ಅರ್ಧ ಹೇಳಿದ ಮೇಲೆ ಅಮ್ಮ ಅಲ್ಲೇ ಇದ್ದಾಳೆ ಅನ್ನುವುದು ನೆನಪಾಯಿತು. ಬಾಯಿಂದ ಹೊರಟದ್ದನ್ನು ಇನ್ನು ನುಂಗುವ ಹಾಗಿರಲಿಲ್ಲ, ಪೂರ್ತಿ ಹೇಳಿದಳು.

ಹುಡುಗಿ ಲಕೋಟೆ ಒಡೆದು ಪುಟ ಹುಡುಕಿದಳು. ಅಂಚಿನಲ್ಲಿ ಪ್ರೊಫೆಸರ್ ತಮ್ಮಷ್ಟಕ್ಕೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: 'ಇಲ್ಲೊಂದು ಹೆಜ್ಜೆ ಬಿಟ್ಟುಹೋಗಿದೆ. ಪರವಾಗಿಲ್ಲ. ಹುಡುಗಿ ಬಂದ ಮೇಲೆ ಇಬ್ಬರೂ ಕೂತು ನೋಡೋಣ.' ಕೆಳಗಿದ್ದ ತಾರೀಕು ಸೀಟು ಕೊಟ್ಟದ್ದಕ್ಕಿಂತ ಎರಡು ವಾರ ಹಿಂದಿನದು.

ಟೀಚರ್ ಪುಟ ಕೈಗೆತ್ತಿಕೊಂಡು ತಾರೀಕನ್ನು ಮತ್ತೆ ಓದಿದಳು. ತಪ್ಪು ಗೊತ್ತಿದ್ದೇ ಕರೆದಿದ್ದರು. ಒಂದು ಕಾಗದ ಒಡೆಯುವ ಧೈರ್ಯ ತನಗಿರಲಿಲ್ಲ. ಹುಡುಗಿ ಲ್ಯಾಪ್‌ಟಾಪ್ ಎಳೆದುಕೊಂಡು, ಬರುತ್ತೇನೆ ಅಂತ ಬರೆದು ಕಳಿಸಿದಳು.

ಅಮ್ಮನ ಕೈಯಲ್ಲಿ ಟವೆಲು ಅರ್ಧ ಮಡಚಿದಂತೆಯೇ ಇತ್ತು.

"ಹಾಗಾದ್ರೆ ನನ್ನ ಮಂಡಿಯಿಂದ ಅಲ್ವೇನೇ?"

"ಅಲ್ಲಮ್ಮ."

ಅಮ್ಮ ಬೈಯಲಿಲ್ಲ, ಅಳಲಿಲ್ಲ. ಟವೆಲನ್ನು ಪೂರ್ತಿ ಮಡಚಿಟ್ಟು, ಮಗಳ ಕಡೆ ಕೈ ಚಾಚಿದಳು.

"ಹಿಡ್ಕೋ. ಏಳೋಕಾಗ್ತಿಲ್ಲ."

ಆ ಕೈ ಅಷ್ಟು ಸವೆದುಹೋಗಿದೆ ಅಂತ ಟೀಚರಿಗೆ ಗೊತ್ತಾದದ್ದು ಅವತ್ತೇ.