ದೊರೆಗಳ ತಿಂಗಳ ಕಾಗದ

ಆಗಸ್ಟ್ ತಿಂಗಳಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಅಟ್ಲಾಂಟಾದ ಧಗೆಯಲ್ಲೂ ಅವರು ಉಣ್ಣೆಯ ವೇಸ್ಟ್‌ಕೋಟು ತೊಟ್ಟೇ ಇರುತ್ತಿದ್ದರು. ಬೂದು ಬಣ್ಣದ್ದು, ಆರು ಗುಂಡಿಯದು. ಮೇಲಿನ ಐದು ಗುಂಡಿಗಳನ್ನು ಬಿಗಿಯಾಗಿ ಹಾಕಿ, ಆರನೆಯದನ್ನು ಮಾತ್ರ ಬಿಚ್ಚಿಯೇ ಇಟ್ಟಿರುತ್ತಿದ್ದರು. ಮೊದಲ ದಿನ ಅದನ್ನು ಕಂಡು, ಪಾಪ, ಮರೆತಿದ್ದಾರೆ ಎಂದುಕೊಂಡು ನಾನು ಕೈತೋರಿಸಿ ಹೇಳಿಯೂಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮೇಡಂ, ಅದನ್ನೂ ಹಾಕ್ಕೊಂಡ್ರೆ ನಾನು ಇಂಗ್ಲೆಂಡಿನವನು ಅಂತ ಯಾರೂ ನಂಬಲ್ಲ" ಎಂದರು. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. ಹಾಗೆ ತಂದಾಗ ಅವರು ಮೈಸೂರಿನ ಯಾರೋ ಹಳೇ ಮೇಷ್ಟರ ಹಾಗೆ ಕೇಳಿಸಿದರೆ ಅದು ನನ್ನ ತಪ್ಪಲ್ಲ, ಅವರು ಇದ್ದದ್ದೇ ಹಾಗೆ.

ನಾನು ಅವರ ಅಂಗಡಿಗೆ ಹೋದದ್ದು ನಮ್ಮ ಯಜಮಾನರಿಗೆ ಒಂದು ಸ್ವೆಟರು ಕೊಳ್ಳಲು. ಇವರು ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ. ಹೊರಗೆ ಎಷ್ಟೇ ಸೆಖೆಯಿದ್ದರೂ ಆ ಕಟ್ಟಡದೊಳಗೆ ಮನುಷ್ಯರನ್ನು ಫ್ರಿಜ್ಜಿನ ತರಕಾರಿಯ ಹಾಗೆ ತಣ್ಣಗಿಡುತ್ತಿದ್ದರು. ಮೈಸೂರು ಬಿಟ್ಟು ಬಂದು ನಮಗಾಗ ಒಂದು ವರ್ಷವಾಗಿತ್ತು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು, ಅಟ್ಲಾಂಟಾದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟಿದ್ದವು. ಅಟ್ಲಾಂಟಾದ ಪಕ್ಕದಲ್ಲೇ ನಾವಿದ್ದ ಡಿಕೇಟರ್‌ನ ಚೌಕದ ಹತ್ತಿರ, ಔಷಧದಂಗಡಿಗೂ ಕ್ಷೌರದಂಗಡಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಅಂಗಡಿ ಅದು. ಟ್ವೀಡ್ ಕೋಟು, ಮಳೆಕೋಟು, ಕಾರ್ಡಿಗನ್, ಉಣ್ಣೆಯ ಕಾಲುಚೀಲ. ಜಾರ್ಜಿಯಾದಂಥ ಸೆಖೆಯ ರಾಜ್ಯದಲ್ಲಿ ಕೂತು ಉಣ್ಣೆ ಮಾರಲು ಎಂಥ ಧೈರ್ಯ ಬೇಕು! ಆದರೂ ಗಿರಾಕಿಗಳು ಬರುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ಬರುತ್ತಿದ್ದದ್ದು ಬಟ್ಟೆಗಲ್ಲ, ತಿಂಗಳಿಗೊಮ್ಮೆ ಅಂಗಡಿಯಿಂದ ಅಂಚೆಯಲ್ಲಿ ಬರುತ್ತಿದ್ದ ಒಂದು ಕಾಗದದ ಮೋಹಕ್ಕೆ ಎಂದು ನನಗೆ ಆಮೇಲೆ ತಿಳಿಯಿತು.

ಆ ಕಾಗದ ಎರಡೂ ಬದಿಗೆ ಸೈಕ್ಲೋಸ್ಟೈಲ್ ಮಾಡಿದ ಒಂದೇ ಹಾಳೆ. ಹೆಸರಿಗೆ ಅಂಗಡಿಯ ಜಾಹೀರಾತು. ಆದರೆ ಯಾವ ಉಣ್ಣೆ ಬಂದಿದೆ, ಯಾವುದು ಬರಲಿದೆ ಎನ್ನುವುದು ಕೊನೆಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಉಳಿದದ್ದೆಲ್ಲ ಇಂಗ್ಲೆಂಡಿನ ಪುರಾಣ. ಬಸ್ಸಿಗೆ ಒಬ್ಬನೇ ಕಾಯುತ್ತಿದ್ದರೂ ಅವರ ಊರಿನವನು ಸಾಲಿನಲ್ಲಿ ನಿಂತಂತೆ ನಿಲ್ಲುವುದು, ಎದುರುಮನೆಯವರ ಜೊತೆ ಇಪ್ಪತ್ತು ವರ್ಷ ಮಳೆಯ ವಿಷಯ ಬಿಟ್ಟು ಬೇರೇನೂ ಮಾತಾಡದೆ ಗೆಳೆತನ ಉಳಿಸಿಕೊಳ್ಳುವುದು, ಪಾದ್ರಿ ಬಂದಾಗ ಮಾತ್ರ ಬೀಗ ತೆಗೆಯುವ ಮುಂದಿನ ಕೋಣೆ. ಎಲ್ಲದರಲ್ಲೂ ಒಬ್ಬರು ಆಂಟ್ ಬಂದೇ ಬರುತ್ತಿದ್ದರು. ಆಕೆಯ ಛತ್ರಿ, ಆಕೆಯ ಟೋಪಿ, ಆಕೆಯ ಕೆಟ್ಟ ಅಡುಗೆ.

ಮೈಸೂರಿನಲ್ಲಿ ನಾನು ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೆ ಎಂದು ಸ್ವೆಟರು ಕಟ್ಟಿಸಿಕೊಳ್ಳುತ್ತಾ ಬಾಯಿಬಿಟ್ಟದ್ದೇ ತಡ, ವಾರಕ್ಕೆರಡು ದಿನದ ಕೆಲಸ ನನ್ನ ಕೊರಳಿಗೆ ಬಿತ್ತು. ಸ್ಟೆನ್ಸಿಲ್ ಟೈಪು ಮಾಡಬೇಕು, ವಿಳಾಸ ಬರೆಯಬೇಕು, ಅವರು ಮಾಡಿದ ಚಹಾ ಕುಡಿಯಬೇಕು. ಮೂರನೆಯದೇ ಕಷ್ಟದ್ದು. ನಾನು ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದ ಚಹಾವನ್ನು ಅವರು ಸೂಪ್ ಎನ್ನುತ್ತಿದ್ದರು. ಅವರ ಚಹಾವನ್ನು ನಾನು ಪಾತ್ರೆ ತೊಳೆದ ನೀರು ಎಂದದ್ದು ಅವರಿಗೆ ಬಹಳ ಹಿಡಿಸಿತು. ನನ್ನ ಹೆಸರು ಅವರ ನಾಲಿಗೆಗೆ ಒಗ್ಗಲಿಲ್ಲ, ಕೊನೆಯವರೆಗೂ ನಾನು 'ಮಿಸೆಸ್ ಮೈಸೂರ್'. ನಮ್ಮ ಮನೆಯಲ್ಲಿ ಅವರು 'ದೊರೆಗಳು'. ಇವರು ಸಂಜೆ ಕಾರು ತಂದು ನನ್ನನ್ನು ಹತ್ತಿಸಿಕೊಳ್ಳುತ್ತಲೇ ಕೇಳುತ್ತಿದ್ದರು: "ಏನಂದ್ರೇ ಇವತ್ತು ನಿನ್ನ ದೊರೆಗಳು? ಇಂಡಿಯಾ ವಾಪಸ್ ಕೇಳಿದ್ರಾ?"

ಮೂರು ನಾಲ್ಕು ತಿಂಗಳು ನಾನು ಆ ಆಂಟ್ ಯಾರೋ ಏನೋ ಎಂದು ಯೋಚಿಸದೆ ಟೈಪು ಮಾಡಿದೆ. ನಾವಿಲ್ಲಿ ಸಿಕ್ಕಿದವರನ್ನೆಲ್ಲ ಆಂಟಿ ಅನ್ನುವುದಿಲ್ಲವೇ, ಹಾಗೇ ಯಾರೋ ನೆರೆಯವರು ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಕೇಳಿದೆ. ಆಕೆ ಅವರ ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗುವನ್ನು ಎತ್ತಿ ಸಾಕಿದವರು. ಮದುವೆ ಮಾಡಿಕೊಂಡವರೂ ಅಲ್ಲ.

"ಯುದ್ಧ ಮುಗಿದ್ಮೇಲೆ ನನಗೆ ಶುಶ್ರೂಷೆ ಮಾಡಿದ ಅಮೆರಿಕನ್ ನರ್ಸನ್ನ ಮದ್ವೆ ಆದೆ" ಎಂದರು. "ಅವಳ ಜೊತೆ ಇಲ್ಲಿಗೆ ಬಂದ್ಬಿಟ್ಟೆ. ಆಕೆಗೆ ಹೇಳ್ಲೇ ಇಲ್ಲ. ಹಡಗು ಹತ್ತಿ ಆದ್ಮೇಲೆ ಗೊತ್ತಾಯ್ತು ಆಕೆಗೆ. ಇನ್ನು ಜನ್ಮದಲ್ಲಿ ನಿನಗೆ ಕಾಗದ ಬರೆಯಲ್ಲ ಅಂದ್ರು. ಬರೆದಿಲ್ಲ."

"ಇಪ್ಪತ್ತು ವರ್ಷದಿಂದಲೂ?"

ಅವರು ಕೌಂಟರಿನ ಕೆಳಗಿನ ಡ್ರಾಯರು ಎಳೆದು ತೋರಿಸಿದರು. ತುಂಬಾ ಅವೇ ಹಾಳೆಗಳು, ಅಂಗಡಿಯಿಂದ ಹೋದವು, ತಿರುಗಿ ಬಂದವು. ಕಾಗದ ಬರೆಯುವುದಿಲ್ಲ ಎಂದ ಮುದುಕಿ ತನಗೆ ಬಂದ ಹಾಳೆಯನ್ನು ಪ್ರತಿ ತಿಂಗಳೂ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ಹಿಂದಕ್ಕೆ ಕಳಿಸುತ್ತಿದ್ದರು. 'ಸುಳ್ಳು.' 'ನನ್ನ ಟೋಪಿ ಹಸಿರಲ್ಲ, ನೀಲಿ.' 'ಈ ಪಾದ್ರಿ ಸತ್ತು ಆರು ವರ್ಷವಾಯಿತು, ಅವನನ್ನು ಬಿಡು.' ಕೆಳಗೆ ಸಹಿ ಕೂಡ ಇಲ್ಲ. ಹಡಗಿನ ಕಥೆಯೂ ಕೆಲವು ಹಳೆಯ ಹಾಳೆಗಳಲ್ಲಿತ್ತು, ಹೇಳದೆ ಓಡಿಬಂದವನು ನಾನು ಎಂದು. ಕ್ರಿಸ್ಮಸ್ಸಿಗೆ ಮಾತ್ರ ತಗಡಿನ ಡಬ್ಬಿಯಲ್ಲಿ, ಒಣಹಣ್ಣು ಹಾಕಿ ಗಟ್ಟಿಯಾಗಿ ಬೇಯಿಸಿದ ಒಂದು ಪುಡ್ಡಿಂಗು. ಅವರಿಬ್ಬರ ನಡುವೆ ಇದ್ದ ಪತ್ರವ್ಯವಹಾರ ಅಷ್ಟೇ.

ನೆರೆಯವರಾಗಿದ್ದರೆ ಬೇರೆ ಮಾತು. ತಾಯಿಯ ಅಕ್ಕ ಎಂದಮೇಲೆ ಆಕೆ ದೊಡ್ಡಮ್ಮ. ಅದರಲ್ಲೂ ಸಾಕಿ ಬೆಳೆಸಿದ ದೊಡ್ಡಮ್ಮ! ಅಂಥವರನ್ನು ಇನ್ನೂರು ಜನ ಗಿರಾಕಿಗಳ ಮುಂದೆ ಆಡಿಕೊಳ್ಳುವುದೆಂದರೇನು? ಆಡಿಕೊಂಡದ್ದನ್ನು ನನ್ನ ಕೈಯಲ್ಲಿ ಟೈಪು ಮಾಡಿಸುವುದೆಂದರೇನು? ಆ ಫೆಬ್ರವರಿಯ ಹಾಳೆಯಲ್ಲಿ ಅವರು ಬರೆದಿದ್ದದ್ದು ಪುಡ್ಡಿಂಗಿನ ಕಥೆ. ಎರಡು ತಿಂಗಳು ಹಡಗಿನಲ್ಲಿ ಬಂದರೂ ಅದು ಒಂದು ಮೂಲೆಯಲ್ಲೂ ಮೆತ್ತಗಾಗಿಲ್ಲ, ಈಗ ಅಂಗಡಿಯ ಹಿಂಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ಡಬ್ಬಿಯ ಸಮೇತ ಒತ್ತಿಟ್ಟಿದ್ದೇನೆ, ಬಾಗಿಲು ಅಲ್ಲಾಡಿಲ್ಲ ಎಂದು. ಬರೆದುಕೊಟ್ಟು ಅವರು ಜ್ವರ ಬಂದು ಮನೆಯಲ್ಲಿ ಮಲಗಿದರು. ನಾನು ಒಬ್ಬಳೇ ಟೈಪ್‌ರೈಟರಿನ ಮುಂದೆ ಕೂತೆ. ನಮ್ಮ ಟೈಪಿಂಗ್ ಸ್ಕೂಲಿನಲ್ಲಿ ಕಲಿಸಿದ್ದ ಮರ್ಯಾದೆಯ ಇಂಗ್ಲಿಷೆಲ್ಲ ಬೆರಳಿಗೆ ಬಂತು. ಪುಡ್ಡಿಂಗೂ ಇಲ್ಲ, ಬಾಗಿಲೂ ಇಲ್ಲ. 'ನನ್ನ ಪೂಜ್ಯ ದೊಡ್ಡಮ್ಮನವರು ಈಗ ವಯೋವೃದ್ಧರು. ಅವರ ಕೈಯಡುಗೆಯನ್ನೂ ಅವರು ಮಾಡಿದ ಉಪಕಾರಗಳನ್ನೂ ಕೃತಜ್ಞತೆಯಿಂದ ನೆನೆಯುತ್ತೇನೆ' ಎಂದು ಟೈಪು ಮಾಡಿ, ಒತ್ತಿ, ಮಡಿಸಿ, ಅಂಚೆಗೆ ಹಾಕಿ ಬಂದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಆ ರಾತ್ರಿ ಸೊಗಸಾಗಿ ನಿದ್ದೆಯೂ ಬಂತು.

ಎರಡು ವಾರಕ್ಕೆ ಟೆಲಿಗ್ರಾಂ ಬಂತು. 'ನಾನು ಸತ್ತಿಲ್ಲ. ನಿನಗೇನಾಗಿದೆ?'

ದೊರೆಗಳು ಕಡತದ ಹಾಳೆ ತೆಗೆದು ಓದಿದರು. ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಟೈಯಿನಿಂದ ಒರೆಸುತ್ತಾ ನಿಂತರು.

"ಮಿಸೆಸ್ ಮೈಸೂರ್, ನಮ್ಮ ಮನೇಲಿ ಮರ್ಯಾದೆ ಕೊಡೋದು ಇಬ್ಬರಿಗೆ. ಹೊರಗಿನವರಿಗೆ, ಸಾಯ್ತಿರೋರಿಗೆ. ಇವೆರಡ್ರಲ್ಲಿ ಆಕೆ ಯಾವ್ದು ಅಂತ ತಿಳ್ಕೊಂಡಿರ್ತಾರೆ ಅಂತೀರಿ?"

ಎಲ್ಲ ನಾನೇ ಮಾಡಿದ್ದು, ನಮ್ಮಲ್ಲಿ ದೊಡ್ಡಮ್ಮನನ್ನು ಹಾಗೆ ಅನ್ನುವುದಿಲ್ಲ ಎಂದು ತೊದಲಿದೆ. ಅವರು ಮಾರ್ಚ್ ಹಾಳೆಯನ್ನು ಎಂದಿನಂತೆ ಬರೆದರು, ಎಂದಿನಂತೆ ಛತ್ರಿ, ಟೋಪಿ ಎಲ್ಲ ಹಾಕಿ. ಅದು ತಿರುಗಿ ಬರಲಿಲ್ಲ. ಏಪ್ರಿಲ್ ಮುಗಿಯುತ್ತಾ ಬಂತು, ಆಗಲೂ ಬರಲಿಲ್ಲ. ಅಂಚೆಯವನು ಬರುವ ಹೊತ್ತಿಗೆ ಅವರು ಕಿಟಕಿಯ ಗೊಂಬೆಗೆ ಕೋಟು ಸರಿಮಾಡುವ ನೆಪದಲ್ಲಿ ಬಾಗಿಲ ಹತ್ತಿರ ನಿಂತಿರುತ್ತಿದ್ದರು. ಇಪ್ಪತ್ತು ವರ್ಷ ಜಗ್ಗದಿದ್ದ ಎಳೆಯನ್ನು ನಾನು ನಾಲ್ಕು ಸಾಲಿನಲ್ಲಿ ಕತ್ತರಿಸಿದ್ದೆ. ಮನೆಗೆ ಬಂದು ಅತ್ತೆ. ಇವರು ಸಮಾಧಾನ ಮಾಡಿದ ರೀತಿಯೋ! "ಇನ್ನೂರು ವರ್ಷ ಆಳಿದ್ರಲ್ಲ, ನೀನೊಬ್ಬಳು ರಿವೆಂಜ್ ತೊಗೊಂಡೆ ಅನ್ಕೋ" ಎಂದರು. ಆ ದಿನ ಇವರಿಗೆ ಸಾರು ಮಾತ್ರ ಬಡಿಸಿದೆ, ಪಲ್ಯ ಇಲ್ಲ.

ಮರುದಿನ ನಾನು ದೊಡ್ಡಮ್ಮನವರಿಗೆ ಕ್ಷಮೆ ಕೇಳಿ ಪತ್ರ ಬರೆಯುತ್ತೇನೆ ಎಂದೆ.

"ಪತ್ರ ಅವರು ಒಡೆಯಲ್ಲ. ಹಾಳೇಲೇ ಬರೀಬೇಕು" ಎಂದರು ದೊರೆಗಳು. "ಕೆಡಿಸಿದ್ದು ನೀವು, ನೀವೇ ಬರೀರಿ. ಆದ್ರೆ ನೋಡಿ, ಮರ್ಯಾದೆ ಮಾತ್ರ ಬೇಡ."

ಹಿರಿಯರ ವಿಷಯದಲ್ಲಿ ಮರ್ಯಾದೆ ಬಿಟ್ಟು ಬರೆಯುವುದು ನನಗೆ ಈಜು ಬಾರದವಳನ್ನು ನೀರಿಗೆ ನೂಕಿದ ಹಾಗಾಯಿತು. ಇಡೀ ಬೆಳಿಗ್ಗೆ ಹಾಳೆ ಹರಿದೆ. ಕೊನೆಗೆ ನನ್ನ ಕಣ್ಣಿಗೆ ಕಂಡದ್ದನ್ನು ಬರೆಯುವುದರಲ್ಲಿ ತಪ್ಪಿಲ್ಲ ಎಂಬ ಉಪಾಯ ಹೊಳೆಯಿತು. ಫೆಬ್ರವರಿಯ ಹೊಗಳಿಕೆಯೆಲ್ಲ ನನ್ನದು, ನಿಮ್ಮ ಮಗನಿಗೆ ಜ್ವರವಿತ್ತು, ಮರ್ಯಾದೆಯಿರಲಿಲ್ಲ ಎಂದು ಶುರುಮಾಡಿದೆ. 'ನಾನು ಮೈಸೂರಿನವಳು. ನಮ್ಮಲ್ಲಿ ದೊಡ್ಡಮ್ಮನನ್ನು ಏನೂ ಅನ್ನುವ ಹಾಗಿಲ್ಲ. ಆದ್ದರಿಂದ ಪುಡ್ಡಿಂಗಿನ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತೇನೆ. ಇದನ್ನು ಬರೆಯುತ್ತಿರುವಾಗ ಅದು ನನ್ನೆದುರೇ ಇದೆ. ಹೊರಗೆ ಮರಗಳು ಬಾಗುವಂಥ ಗಾಳಿ. ಬಾಗಿಲು ಅಲ್ಲಾಡುತ್ತಿಲ್ಲ. ಅದರಲ್ಲಿ ದನದ ಕೊಬ್ಬು ಇರುವುದರಿಂದ ನಾನು ತಿನ್ನುವಂತಿಲ್ಲ. ನನ್ನನ್ನು ಸಸ್ಯಾಹಾರಿಯಾಗಿ ಹುಟ್ಟಿಸಿದ ದೇವರಿಗೆ ಇಷ್ಟು ಮನಃಪೂರ್ವಕವಾಗಿ ನಾನು ಹಿಂದೆಂದೂ ಕೈಮುಗಿದಿರಲಿಲ್ಲ.'

ದೊರೆಗಳು ಓದಿದರು. ಹೊಟ್ಟೆ ಕುಲುಕಿ ಐದನೆಯ ಗುಂಡಿಯೂ ಬಿಚ್ಚಿಕೊಂಡಿತು. ಮೇ ತಿಂಗಳ ಹಾಳೆಯಾಗಿ ಅದೇ ಹೋಯಿತು.

ಮೂರು ವಾರ ಕಳೆದು ಒಂದು ಬುಧವಾರ ಲಕೋಟೆ ಬಂತು. ಒಡೆಯಲು ಅವರು ನನಗೇ ಕೊಟ್ಟರು. ಪುಡ್ಡಿಂಗಿನ ಪ್ಯಾರಾದ ಪಕ್ಕದಲ್ಲಿ ಕೆಂಪಕ್ಷರ: 'ಅದು ಬಾಗಿಲಿಗಲ್ಲ, ತಿನ್ನುವುದಕ್ಕೆ.' ಕೆಳಗೆ: 'ಈ ಹೆಂಗಸಿಗೆ ಇನ್ನೂ ಬರೆಯಲು ಹೇಳು. ನಿನಗಿಂತ ಕಡಿಮೆ ಸುಳ್ಳು ಹೇಳುತ್ತಾಳೆ.' ಅವರು ಎದ್ದು ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಚಹಾ ಮಾಡಿದರು. ಅಂದು ನಾನು ಆ ತೊಳೆದ ನೀರನ್ನು ಎರಡು ಲೋಟ ಕುಡಿದೆ.

ಹೀಗೆ ಹಾಳೆಯ ಹಿಂಬದಿಯ ಅರ್ಧ ನನ್ನದಾಯಿತು. ಬರೆದುಕೊಟ್ಟದ್ದನ್ನೆಲ್ಲ ಅವರು ಒಂದೇ ಮಾತಿನಿಂದ ತಿದ್ದುತ್ತಿದ್ದರು: "ಪ್ರೀತಿ ಇರೋರನ್ನ ಆಡ್ಕೊಳ್ಳಿ. ಹೊಗಳೋದಕ್ಕೆ ಗಿರಾಕಿಗಳಿದ್ದಾರೆ." ಊರಿಗೆ ನಾನು ಬರೆಯುವ ಕಾಗದಗಳೂ ಬದಲಾದವು. ಅಲ್ಲಿಯವರೆಗೆ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂಬುದರಲ್ಲೇ ಒಂದು ಏರೋಗ್ರಾಮ್ ಮುಗಿಸುತ್ತಿದ್ದೆ. ಮೊದಲ ಸಲ ಅಕ್ಕನ ಗೊರಕೆಯನ್ನು ನೆನೆದು ಎರಡು ಪುಟ ಬರೆದೆ. ಆಕೆ ಅದು ಕೈಸೇರಿದ ವಾರದೊಳಗೆ ನಾಲ್ಕು ಪುಟ ಬೈದು ಬರೆದಳು. ಮದುವೆಯಾಗಿ ಬಂದ ಮೇಲೆ ಆಕೆ ನನಗೆ ಅಷ್ಟುದ್ದ ಕಾಗದ ಬರೆದದ್ದು ಅದೇ ಮೊದಲು.

ಎಪ್ಪತ್ತರ ದಶಕದ ಕೊನೆಯ ಒಂದು ಅಕ್ಟೋಬರಿನಲ್ಲಿ, ಅಂಗಡಿ ತೆರೆಯುವ ಮುಂಚೆ, ಎದೆನೋವು ಬಂದು ದೊರೆಗಳು ಹೋಗಿಬಿಟ್ಟರು. ಇಲ್ಲಿಯ ಪದ್ಧತಿಯಂತೆ ದೇಹವನ್ನು ಸಿಂಗರಿಸಿ ನೋಡಲು ಇಟ್ಟಿದ್ದರು. ಹತ್ತಿರ ಹೋಗಿ ನೋಡಿದೆ. ಬೂದು ವೇಸ್ಟ್‌ಕೋಟು, ಅಚ್ಚುಕಟ್ಟಾಗಿ ಆರಕ್ಕೆ ಆರು ಗುಂಡಿ ಹಾಕಿದ್ದರು. ಸಿಂಗರಿಸಿದವರಿಗೇನು ಗೊತ್ತು, ಪಾಪ. ಹೆಣ ಮುಟ್ಟಬಾರದು, ಮೈಲಿಗೆ ಎಂಬುದು ಮನಸ್ಸಿಗೆ ಬರುವ ಮೊದಲೇ ನನ್ನ ಕೈ ಹೋಗಿ ಕೆಳಗಿನ ಗುಂಡಿ ಬಿಚ್ಚಿತ್ತು. ತಲೆಯೆತ್ತಿದರೆ ಎದುರಿಗೆ ಅವರ ಹೆಂಡತಿ. ಅಳುತ್ತಿದ್ದ ಆಕೆ ನಕ್ಕುಬಿಟ್ಟರು. "ಥ್ಯಾಂಕ್ ಯೂ ಹನಿ. ಬೆಳಿಗ್ಗೆಯಿಂದ ಏನೋ ಸರಿಯಿಲ್ಲ ಅಂತ ಅನ್ನಿಸ್ತಾನೇ ಇತ್ತು ನನಗೆ."

ಕೊನೆಯ ಹಾಳೆ ನಾನೇ ಬರೆಯಬೇಕೆಂದು ಅವರ ಹೆಂಡತಿಯೇ ಹೇಳಿದರು. ಇನ್ನೂರು ಗಿರಾಕಿಗಳದ್ದು ನನಗೆ ಯೋಚನೆಯಿರಲಿಲ್ಲ. ಇಂಗ್ಲೆಂಡಿನಲ್ಲಿ ತೊಂಬತ್ತು ಮುಟ್ಟುತ್ತಿದ್ದ ಒಬ್ಬರು ಅದನ್ನು ಓದಬೇಕಿತ್ತು. ಸತ್ತವರ ವಿಷಯ ಎಂದೊಡನೆ ಬೆರಳಿಗೆ ಮತ್ತೆ ಪೂಜ್ಯರು, ಸ್ಮರಣೀಯರು ಬಂದರು. ಎರಡು ಸ್ಟೆನ್ಸಿಲ್ ಹಾಳುಮಾಡಿದೆ. ಮೂರನೆಯದರಲ್ಲಿ ಅವರ ಚಹಾ, ಅವರ ಸುಳ್ಳುಗಳು, ಸೆಖೆಯಲ್ಲಿ ಉಣ್ಣೆ ತೊಟ್ಟು ಬೆವರುತ್ತಿದ್ದ ಜಂಬ, ಬಿಚ್ಚಿದ ಗುಂಡಿ ಎಲ್ಲವನ್ನೂ ಹಾಕಿದೆ. ಸಾಕಿದ ದೊಡ್ಡಮ್ಮನಿಗೆ ಒಂದು ಮಾತೂ ಹೇಳದೆ ಹಡಗು ಹತ್ತಿದ ಭೂಪ ಎಂದೂ ಬರೆದೆ. ಅಳುತ್ತಳುತ್ತಲೇ ಟೈಪು ಮಾಡಿದೆ.

ಆ ಹಾಳೆ ಕ್ರಿಸ್ಮಸ್ಸಿನ ಹೊತ್ತಿಗೆ ಪುಡ್ಡಿಂಗಿನ ಡಬ್ಬಿಯೊಳಗೆ ಮಡಿಸಿಕೊಂಡು ನಮ್ಮ ಮನೆಯ ವಿಳಾಸಕ್ಕೇ ಬಂತು. ಡಬ್ಬಿಯ ಮೇಲೆ 'ಕೊಬ್ಬು ಹಾಕಿಲ್ಲ' ಎಂದು ಚೀಟಿ ಅಂಟಿಸಿತ್ತು. ಹಾಳೆಯಲ್ಲಿ ಕೆಂಪು ಪೆನ್ಸಿಲ್ಲು ಒಂದೇ ಕಡೆ ಓಡಾಡಿತ್ತು. ಒಂದು ಮಾತೂ ಹೇಳದೆ ಎಂಬುದನ್ನು ನಡುಗುವ ಗೆರೆಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಬರೆದಿದ್ದರು: 'ಅವನು ಹೇಳಿದ್ದ. ಬಾಗಿಲು ಹಾಕಿಕೊಂಡವಳು ನಾನು. ಮೂವತ್ತು ವರ್ಷ ತಪ್ಪು ತನ್ನದೆಂದು ಬರೆದ, ಅದೊಂದನ್ನು ನಾನು ತಿದ್ದಲಿಲ್ಲ.'

ಪುಡ್ಡಿಂಗನ್ನು ನಾನೂ ಇವರೂ ಚಾಕುವಿನಿಂದ ಕಷ್ಟಪಟ್ಟು ಕೊಯ್ದು, ಒಂದು ಚೂರೂ ಉಳಿಸದೆ ತಿಂದೆವು.